ಲಂಡನ್ ಸಿಸ್ಟಮ್ ಬೋರಲ್ಲ ಮಾರಾಯ್ರೆ, ನಮ್ಮಂಥವರಿಗೆ ಹೇಳಿ ಮಾಡಿಸಿದ ಓಪನಿಂಗ್

♟️ 1/10

ನೇರವಾಗಿ ವಿಷಯಕ್ಕೆ ಬರ್ತೀನಿ. ಕೋಚ್ ಇಲ್ಲದೆ, ಕ್ಲಾಸಿಗೆ ಹೋಗದೆ, ಒಂದು ಫೋನು, ಒಂದು ಹಳೇ ಬೋರ್ಡು ಇಟ್ಕೊಂಡು ಚೆಸ್ ಕಲೀತಿರೋ ನಮ್ಮ ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ, ಕಳಸ ಕಡೆಯ ಹುಡುಗ್ರು ಹುಡುಗೀರು ಬಿಳಿ ಕಾಯಿ ಸಿಕ್ಕಾಗ ಆಡೋಕೆ ಒಂದೇ ಒಂದು ಓಪನಿಂಗ್ ಕಲಿತ್ರೆ ಸಾಕು. ಅದು ಲಂಡನ್ ಸಿಸ್ಟಮ್. ಓಪನಿಂಗ್ ಅಂದ್ರೆ ಆಟದ ಮೊದಲ ಹತ್ತು-ಹದಿನೈದು ನಡೆ, ಅಷ್ಟೇ.

ಇದನ್ನ ಹೇಳಿದ ಕೂಡ್ಲೆ ಚೆಸ್ ಗೊತ್ತಿರೋ ಫ್ರೆಂಡ್ಸ್ ಮುಖ ಕಿವುಚ್ತಾರೆ. "ಅಯ್ಯೋ ಲಂಡನ್ನಾ? ಅಜ್ಜಂದಿರ ಓಪನಿಂಗ್ ಅದು, ನಿದ್ದೆ ಬರುತ್ತೆ." ಅವರಿಗೆ ಉತ್ತರ ಕೊಡೋಕೇ ಈ ಹತ್ತು ಪೋಸ್ಟ್.

ನನಗೆ ಇದು ಬರೀ ಟೇಸ್ಟಿನ ಪ್ರಶ್ನೆ ಅಲ್ಲ. ನಮ್ಮ ಕಡೆ ಚೆಸ್ ಆಡೋ ಮಕ್ಕಳು ಕಮ್ಮಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗ್ರೌಂಡಿಗೆ ಇಳಿಯೋ ಹಾಗಿಲ್ಲ, ಕೇರಂ ಮತ್ತು ಚೆಸ್ಸೇ ಗತಿ. ಸ್ಕೂಲಲ್ಲಿ ಎಲ್ಲರನ್ನೂ ಸೋಲಿಸ್ತಾರೆ. ಆಮೇಲೆ ಹೊರಗಡೆ ಟೂರ್ನಮೆಂಟ್ ಅಂತ ಹೋಗ್ತಾರೆ. ಎದುರಿಗೆ ಕೂತವನು ಮೊದಲ ಹತ್ತು ನಡೆ ಯೋಚನೆ ಕೂಡ ಮಾಡದೆ ಟಕಟಕ ಅಂತ ಇಡ್ತಾನೆ. ಇವರಿಗೆ ಕೈ ನಡುಗುತ್ತೆ. ಹನ್ನೆರಡು-ಹದಿನೈದು ನಡೆಗೆ ಮಂತ್ರಿ ಹೋಗಿರುತ್ತೆ. ವಾಪಸ್ ಬರೋ ಬಸ್ಸಲ್ಲಿ ತೀರ್ಮಾನ ಆಗಿಬಿಡುತ್ತೆ: "ಅವರೆಲ್ಲ ಕೋಚಿಂಗಿಗೆ ಹೋಗೋರು, ನಮಗೆಲ್ಲ ಆಗಲ್ಲ ಬಿಡು."

ಅಂಥ ಆಟದಲ್ಲಿ ಅವರ ಬುದ್ಧಿಗೆ ಪರೀಕ್ಷೆಯೇ ನಡೆದಿರಲ್ಲ. ಎದುರಿನವನ ಬಾಯಿಪಾಠಕ್ಕೆ ಸೋತು ಬಂದಿರ್ತಾರೆ. ನಿಜವಾದ ಆಟ ಶುರುವಾಗೋ ತನಕ ಬೋರ್ಡಲ್ಲಿ ಉಳ್ಕೊಂಡ್ರೆ ಎಷ್ಟು ಜನ ಚೆಸ್ ಬಿಡದೆ ಇರ್ತಿದ್ರೋ! ಅಲ್ಲಿ ತನಕ ಕರ್ಕೊಂಡು ಹೋಗೋ ದಾರಿ ಬಗ್ಗೆ ನಾನು ಮಾತಾಡ್ತಿರೋದು.

♟️ 2/10

ಮೊದ್ಲು ಹೆಸರುಗಳು. ಬಿಷಪ್ ಅಂದ್ರೆ ಒಂಟೆ, ನೈಟ್ ಅಂದ್ರೆ ಕುದುರೆ, ರೂಕ್ ಅಂದ್ರೆ ಆನೆ, ಕ್ವೀನ್ ಅಂದ್ರೆ ಮಂತ್ರಿ, ಪಾನ್ ಅಂದ್ರೆ ಸೈನಿಕ. ನಿಮ್ಮನೇಲಿ ಬೇರೆ ಹೆಸರಿದ್ರೆ ಅದನ್ನೇ ಇಟ್ಕೊಳ್ಳಿ, ಜಗಳ ಬೇಡ. ಮನೆಗಳ ಲೆಕ್ಕ ಬೋರ್ಡ್ ಅಂಚಲ್ಲಿ ಬರೆದಿರೋ ಹಾಗೇ: ಬಿಳಿ ಕಡೆ ಕೂತವರಿಗೆ ಎಡದಿಂದ ಬಲಕ್ಕೆ ಎ ಇಂದ ಎಚ್, ಹತ್ತಿರದಿಂದ ದೂರಕ್ಕೆ 1ರಿಂದ 8.

ಈಗ ಲಂಡನ್. ಬೋರ್ಡ್ ಎದುರಿಗೆ ಇಟ್ಕೊಂಡು ಓದಿ.

1️⃣ ಮಂತ್ರಿ ಮುಂದಿನ ಸೈನಿಕ ಎರಡು ಮನೆ: ಡಿ4
2️⃣ ಕಪ್ಪು ಮನೆಯ ಒಂಟೆ: ಎಫ್4
3️⃣ ರಾಜನ ಮುಂದಿನ ಸೈನಿಕ ಒಂದೇ ಮನೆ: ಇ3
4️⃣ ಸೈನಿಕ ಸಿ3
5️⃣ ಎಡಗಡೆ ಕುದುರೆ: ಡಿ2
6️⃣ ಬಲಗಡೆ ಕುದುರೆ: ಎಫ್3
7️⃣ ಬಿಳಿ ಮನೆಯ ಒಂಟೆ: ಡಿ3
8️⃣ ಕ್ಯಾಸಲಿಂಗ್. ರಾಜ ಜಿ1ಕ್ಕೆ, ಆನೆ ಎಫ್1ಕ್ಕೆ.

ಇಷ್ಟೇ. ಎಂಟು ನಡೆ. ಕಪ್ಪು ಕಡೆಯವನು ಏನೇ ಆಡಲಿ, ಬಹುಪಾಲು ಸಲ ನೀವು ಇದೇ ಜಾಗಗಳಿಗೆ ಬಂದು ನಿಲ್ಲಬಹುದು. ಅದಕ್ಕೇ ಇದಕ್ಕೆ "ಸಿಸ್ಟಮ್" ಅಂತ ಹೆಸರು. ಕ್ರಮ ಸ್ವಲ್ಪ ಹಿಂದೆಮುಂದೆ ಆದ್ರೂ ತೊಂದರೆ ಇಲ್ಲ. ಆದ್ರೆ 2 ಮತ್ತು 3 ಮಾತ್ರ ಅದಲುಬದಲು ಮಾಡ್ಬೇಡಿ. ಯಾಕೆ ಅಂತ ಮುಂದಿನ ಪೋಸ್ಟಲ್ಲಿ.

ಸುಮ್ನೆ ಕಂಠಪಾಠ ಮಾಡ್ಬೇಡಿ ಅಂತಾನೂ ಈಗ್ಲೇ ಹೇಳ್ತೀನಿ. ಪ್ರತಿ ಕಾಯಿ ಅಲ್ಲಿ ಯಾಕೆ ಕೂತಿದೆ ಅಂತ ಗೊತ್ತಾದ್ರೆ ನಡೆ ಮರೆತ್ರೂ ಬೋರ್ಡ್ ನೋಡಿ ಹುಡುಕ್ಕೋಬಹುದು.

♟️ 3/10

ಎರಡನೇ ನಡೆಗೇ ಒಂಟೆ ಯಾಕೆ ಹೊರಗೆ ಬರ್ಬೇಕು? ಇ3 ಆಡಿದ ಕೂಡ್ಲೆ ಆ ಸೈನಿಕ ಒಂಟೆಯ ದಾರಿಗೇ ಅಡ್ಡ ನಿಲ್ಲುತ್ತೆ. ಬಾಗಿಲು ಹಾಕೋ ಮೊದ್ಲು ಒಂಟೆನ ಅಂಗಳಕ್ಕೆ ಬಿಡ್ಬೇಕು, ಅಷ್ಟೇ ವಿಷಯ. ಇದೇ ಥರದ ಇನ್ನೊಂದು ಓಪನಿಂಗ್ ಇದೆ, ಕೋಲೆ ಸಿಸ್ಟಮ್ ಅಂತ. ಅದ್ರಲ್ಲಿ ಒಂಟೆ ಒಳಗೇ ಉಳಿಯುತ್ತೆ, ಆಮೇಲೆ ಅದನ್ನ ಎಬ್ಬಿಸೋಕೆ ಇನ್ನೊಂದಷ್ಟು ಕಷ್ಟ ಪಡ್ಬೇಕು.

ಸಿ3, ಡಿ4, ಇ3. ಈ ಮೂರು ಸೈನಿಕರು ಸೇರಿ ತ್ರಿಕೋನ ಆಗ್ತಾರೆ. ಡಿ4ಗೆ ಎರಡೂ ಕಡೆಯಿಂದ ಆಧಾರ. ಕಪ್ಪು ಸಿ5 ಆಡಿ ಡಿ4ನ ಹೊಡೆದ್ರೆ ಸಾಮಾನ್ಯವಾಗಿ ಇ3 ಸೈನಿಕದಿಂದ ವಾಪಸ್ ಹೊಡೀರಿ. ನಡುಮಧ್ಯ ಗಟ್ಟಿಯಾಗೇ ಇರುತ್ತೆ, ಇ ಸಾಲು ನಿಮ್ಮ ಆನೆಗೆ ತೆರೆಯುತ್ತೆ.

ಎಫ್4ರ ಒಂಟೆ ಮತ್ತು ಡಿ4ರ ಸೈನಿಕ ಎರಡೂ ಕಣ್ಣಿಟ್ಟಿರೋದು ಇ5 ಮನೆ ಮೇಲೆ. ನಿಮ್ಮ ಎಫ್3 ಕುದುರೆ ಅಲ್ಲಿಗೆ ಹಾರಿ ಕೂತ್ರೆ ಎಬ್ಬಿಸೋದು ಕಷ್ಟ. ಲಂಡನ್‌ನ ಅರ್ಧ ಪ್ಲಾನ್ ಇದೇ: ಇ5ರಲ್ಲಿ ಕುದುರೆ.

ಡಿ3ರ ಒಂಟೆ ಸೀದಾ ಎಚ್7 ನೋಡ್ತಿರುತ್ತೆ, ಅಂದ್ರೆ ಕ್ಯಾಸಲ್ ಆದ ಕಪ್ಪು ರಾಜನ ಮನೆ ಬಾಗಿಲು. ಆ ಬಾಗಿಲಿಗೆ ಕಾವಲು ಇರೋದು ಎಫ್6ರ ಕಪ್ಪು ಕುದುರೆ. ಅದು ಜಾಗ ಬಿಟ್ಟ ದಿನ ಒಂಟೆಯಿಂದ ಎಚ್7 ಹೊಡೆದು ಚೆಕ್, ಕುದುರೆ ಜಿ5ಗೆ ಚೆಕ್, ಆಮೇಲೆ ಮಂತ್ರಿ ಎಚ್5ಗೆ. ಇದು ನಡೆಯುತ್ತಾ ಇಲ್ವಾ ಅಂತ ಪ್ರತಿ ಸಲ ಲೆಕ್ಕ ಹಾಕ್ಲೇಬೇಕು. ಲೆಕ್ಕ ಸರಿಯಾದ ದಿನ "ಲಂಡನ್ ಬೋರು" ಅಂದವರ ಮುಖ ನೋಡಿ.

ಇನ್ನೊಂದು ಸಣ್ಣ ವಿಷಯ. ಕಪ್ಪು ತನ್ನ ಒಂಟೆನ ಡಿ6ಕ್ಕೆ ತಂದು ನಿಮ್ಮ ಎಫ್4 ಒಂಟೆಗೆ ಎದುರು ನಿಲ್ಲಿಸಿದ್ರೆ ಗಾಬರಿ ಬೇಡ, ಜಿ3ಕ್ಕೆ ಹಿಂದೆ ಸರೀರಿ. ಅವನು ಅಲ್ಲೇ ಹೊಡೆದ್ರೆ ಎಚ್ ಸೈನಿಕದಿಂದ ವಾಪಸ್ ಹೊಡೀರಿ. ನೀವಿನ್ನೂ ಕ್ಯಾಸಲ್ ಮಾಡಿಲ್ಲ ಅಂದ್ರೆ ಎಚ್1ರ ಆನೆಗೆ ಕೂತಲ್ಲೇ ಹೆದ್ದಾರಿ ಸಿಕ್ತು.

♟️ 4/10

"ಇದೆಲ್ಲ ಬಿಗಿನರ್ಸ್ ಆಟ, ದೊಡ್ಡವರು ಯಾರೂ ಆಡಲ್ಲ" ಅನ್ನೋ ಮಾತಿಗೆ.

ಲಂಡನ್ ಅನ್ನೋ ಹೆಸರು ಬಂದಿದ್ದು 1922ರ ಲಂಡನ್ ಟೂರ್ನಮೆಂಟಿಂದ. ಅಲ್ಲಿ ಈ ಥರದ ಆಟ ಸುಮಾರು ಸಲ ಕಾಣಿಸ್ಕೊಳ್ತು. ಗೆದ್ದಿದ್ದು ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ. ಆಮೇಲೆ ತುಂಬಾ ವರ್ಷ ಇದನ್ನ ಕ್ಲಬ್ ಆಟಗಾರರ ಓಪನಿಂಗ್ ಅಂತಲೇ ನೋಡ್ತಿದ್ರು. ಈಚೆಗೆ ಕಥೆ ಬದಲಾಗಿದೆ. ಮ್ಯಾಗ್ನಸ್ ಕಾರ್ಲ್‌ಸನ್ ಆಡಿದಾರೆ, ಅಮೆರಿಕದ ಗಾಟಾ ಕಾಮ್ಸ್ಕಿ ಅಂತೂ ಇದನ್ನ ತಮ್ಮ ಆಯುಧಾನೇ ಮಾಡ್ಕೊಂಡ್ರು.

2023ರಲ್ಲಿ ಕಝಾಕಸ್ತಾನದ ಅಸ್ತಾನಾದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಡಿಂಗ್ ಲಿರೆನ್ ಎದುರಿಗೆ ನೆಪೊಮ್ನಿಯಾಶ್ಚಿ. ಐದನೇ ಆಟ ಸೋತು ಡಿಂಗ್ ಹಿಂದೆ ಬಿದ್ದಿದ್ರು. ಆರನೇ ಆಟಕ್ಕೆ ಬಿಳಿ ಕಾಯಿ. ಅಷ್ಟು ಒತ್ತಡದಲ್ಲಿ ಅವರು ಆರಿಸ್ಕೊಂಡಿದ್ದು ಲಂಡನ್. ರಾಜನ ಸುತ್ತ ಬಲೆ ಹೆಣೆದು ಗೆದ್ರು, ಸ್ಕೋರ್ 3-3 ಆಯ್ತು. ಕೊನೆಗೆ ಚಾಂಪಿಯನ್ ಆಗಿದ್ದೂ ಅವರೇ.

2024ರಲ್ಲಿ ಸಿಂಗಾಪುರದಲ್ಲಿ ನಮ್ಮ ಗುಕೇಶ್ ಎದುರು ಕೂಡ ಡಿಂಗ್ ಆರನೇ ಆಟದಲ್ಲಿ ಲಂಡನ್ನೇ ತಂದ್ರು. ಆ ಆಟ ಡ್ರಾ. ಆ ಮ್ಯಾಚಲ್ಲಿ ಗೆದ್ದು 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆಗಿದ್ದು ಗುಕೇಶ್.

ಗಮನಿಸಿ, ಲಂಡನ್ ಆಡಿದ್ರೆ ಗೆಲ್ತೀರಿ ಅಂತ ನಾನು ಹೇಳ್ತಿಲ್ಲ. ವಿಶ್ವ ಚಾಂಪಿಯನ್‌ಶಿಪ್ ಮಟ್ಟದಲ್ಲೂ ಇದು ಮೊದಲ ಹದಿನೈದು ನಡೆಗೆ ಬಿದ್ದುಹೋಗೋ ಓಪನಿಂಗ್ ಅಲ್ಲ ಅಂತ ಮಾತ್ರ ಹೇಳ್ತಿದೀನಿ. ನಮಗೆ ಅಷ್ಟು ಸಾಕಲ್ವಾ?

♟️ 5/10

ಈಗ ಬಿಕಾಂ ಸ್ಟೂಡೆಂಟ್ ಮಾತಾಡೋ ಟೈಮ್ 😄

ಕ್ಲಾಸ್‌ಮೇಟ್ಸ್‌ಗೆ ನೆನಪಿದೆ ತಾನೆ, ಕಾಸ್ಟ್ ಅಕೌಂಟಿಂಗ್‌ನಲ್ಲಿ ಯಂತ್ರದ ಬೆಲೆ ಒಂದು, ಅದನ್ನ ವರ್ಷವರ್ಷ ನಡೆಸೋ ಖರ್ಚು ಇನ್ನೊಂದು. ಓಪನಿಂಗ್‌ಗೂ ಹಾಗೇ. ಕಲಿಯೋಕೆ ಎಷ್ಟು ಗಂಟೆ ಬೇಕು, ಕಲಿತಿದ್ದನ್ನ ತುಕ್ಕು ಹಿಡಿಯದ ಹಾಗೆ ಇಟ್ಕೊಳ್ಳೋಕೆ ಎಷ್ಟು ಗಂಟೆ ಬೇಕು, ಎರಡೂ ಕೂಡಿಸ್ಬೇಕು.

ಮೊದಲ ನಡೆ ಇ4 ಆಡ್ತೀರಿ ಅನ್ಕೊಳ್ಳಿ. ಅದ್ಭುತ ನಡೆ, ಒಪ್ತೀನಿ. ಆದ್ರೆ ಎದುರಿನವನು ಇ5 ಆಡಿದ್ರೆ ಒಂದು ಪಾಠ, ಸಿಸಿಲಿಯನ್ ಆಡಿದ್ರೆ ಇನ್ನೊಂದು, ಫ್ರೆಂಚ್‌ಗೆ ಬೇರೆ, ಕಾರೋ-ಕಾನ್‌ಗೆ ಬೇರೆ, ಸ್ಕ್ಯಾಂಡಿನೇವಿಯನ್‌ಗೆ ಮತ್ತೊಂದು. ಸಿಸಿಲಿಯನ್ ಒಳಗೇ ನೈಡಾರ್ಫ್, ಡ್ರ್ಯಾಗನ್ ಅಂತ ಒಂದೊಂದಕ್ಕೂ ದಪ್ಪ ದಪ್ಪ ಪುಸ್ತಕ. ಆಯ್ಕೆ ಎದುರಿನವನದು, ಓದೋ ಕಷ್ಟ ನಮ್ಮದು.

ನಮ್ಮ ಹತ್ರ ಇರೋ ಗಂಟೆಗಳನ್ನ ಲೆಕ್ಕ ಹಾಕಿ. ಕಾಲೇಜಿಗೆ ಹೋಗಿಬರೋ ಬಸ್ಸಲ್ಲೇ ದಿನದ ದೊಡ್ಡ ಪಾಲು ಹೋಗುತ್ತೆ. ನವೆಂಬರ್ ಬಂತು ಅಂದ್ರೆ ಅರೇಬಿಕಾ ಕೊಯ್ಲು, ಅದು ಮುಗಿಯೋದ್ರೊಳಗೆ ರೊಬಸ್ಟಾ. ಕಣದಲ್ಲಿ ಕಾಫಿ ಹರಡಿದ ಮನೇಲಿ ಸಂಜೆ ಯಾರೂ ಸುಮ್ನೆ ಕೂರೋ ಹಾಗಿಲ್ಲ. ಮಳೆಗಾಲದಲ್ಲಿ ಟೈಮ್ ಇರುತ್ತೆ, ಕರೆಂಟ್ ಮತ್ತು ನೆಟ್‌ವರ್ಕ್ ಇರಲ್ಲ. ಚಾರ್ಮಾಡಿ ಕಡೆ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಮುಗೀತು.

ದಿನಕ್ಕೆ ಅರ್ಧ ಗಂಟೆ ಸಿಗೋನು ಅದನ್ನ ಪೂರ್ತಿ ಓಪನಿಂಗ್‌ಗೆ ಸುರಿದ್ರೆ ಟ್ಯಾಕ್ಟಿಕ್ಸ್ ಯಾವಾಗ, ಎಂಡ್‌ಗೇಮ್ ಯಾವಾಗ? ಆಪರ್ಚುನಿಟಿ ಕಾಸ್ಟ್ ಅಂದ್ರೆ ಇದೇ ಕಣ್ರೋ.

ತೋಟದ ಭಾಷೇಲಿ ಹೇಳ್ಬೇಕಾ? ಅರೇಬಿಕಾ ಘಮ ಹೆಚ್ಚು, ಮರ್ಯಾದೆ ಹೆಚ್ಚು, ಆದ್ರೆ ಬಿಳಿ ಕಾಂಡಕೊರಕ ಹೊಕ್ಕಿದ್ಯಾ ಅಂತ ಗಿಡಗಿಡಕ್ಕೂ ಕಣ್ಣಿಡ್ಬೇಕು. ರೊಬಸ್ಟಾಗೆ ಆ ಕಾಟ ಇಲ್ಲ. ಲಂಡನ್ ನಮ್ಮ ರೊಬಸ್ಟಾ. ಯಾರೂ ಅದನ್ನ ಹಾಡಿಹೊಗಳಲ್ಲ, ಆದ್ರೆ ಮನೆ ನಡೆಸುತ್ತೆ.

♟️ 6/10

"ಅಜ್ಜಂದಿರ ಓಪನಿಂಗ್" ಅಂತ ಬೈದ್ರಲ್ಲ, ಆ ಮಾತು ನನಗೆ ಬೈಗುಳ ಅನ್ಸಲ್ಲ. ಅದರಲ್ಲಿ ಒಂದು ಸತ್ಯ ಇದೆ.

ನಮ್ಮ ದೇಶದ ಹಳೇ ಚದುರಂಗದಲ್ಲಿ ಸೈನಿಕ ಮೊದಲ ನಡೆಗೂ ಒಂದೇ ಮನೆ ಹೋಗೋದು. ಎರಡು ಮನೆ ಹಾರೋದು ಯುರೋಪಿನ ನಿಯಮ. ಈಗಿನ ಕ್ಯಾಸಲಿಂಗ್ ಕೂಡ ಇರ್ಲಿಲ್ಲ. ಬದಲಿಗೆ ರಾಜ ಒಂದೇ ಒಂದು ಸಲ ಕುದುರೆ ಥರ ಹಾರಬಹುದಿತ್ತು. ಹಾಗಾಗಿ ಆಟ ನಿಧಾನಕ್ಕೆ ಶುರುವಾಗ್ತಿತ್ತು. ಇಬ್ರೂ ಮೊದ್ಲು ತಮ್ಮ ತಮ್ಮ ಕೋಟೆ ಕಟ್ಕೊಳ್ತಿದ್ರು, ಆಮೇಲೆ ಯುದ್ಧ. ಲಂಡನ್ ಮಾಡೋದೂ ಇದನ್ನೇ.

ಆ ಆಟದಲ್ಲಿ ಬೆಳೆದ ಒಬ್ಬರ ಕಥೆ ನಿಮಗೆ ಗೊತ್ತಿರ್ಲೇಬೇಕು: ಪಂಜಾಬಿನ ಮೀರ್ ಸುಲ್ತಾನ್ ಖಾನ್. ಕಲಿತಿದ್ದು ನಮ್ಮ ಕಡೆ ನಿಯಮದ ಚದುರಂಗ. 1929ರಲ್ಲಿ ಇಂಗ್ಲೆಂಡಿಗೆ ಹೋದ್ರು. ಯುರೋಪಿನವರು ವರ್ಷಗಟ್ಟಲೆ ಓದಿದ ಓಪನಿಂಗ್ ವಿದ್ಯೆ ಇವರ ಹತ್ರ ಇರ್ಲಿಲ್ಲ. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ್ರು, 1932 ಮತ್ತು 1933ರಲ್ಲಿ ಮತ್ತೆ ಗೆದ್ರು. 1930-31ರ ಹೇಸ್ಟಿಂಗ್ಸ್ ಟೂರ್ನಮೆಂಟಲ್ಲಿ ಕಾಪಾಬ್ಲಾಂಕಾರನ್ನೇ ಸೋಲಿಸಿದ್ರು. ಹೌದು, 1922ರಲ್ಲಿ ಲಂಡನ್ ಗೆದ್ದ ಅದೇ ಕಾಪಾಬ್ಲಾಂಕಾ. 2024ರಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಡ್ತು, ಅವರು ತೀರಿಕೊಂಡು ಎಷ್ಟೋ ವರ್ಷ ಆದ್ಮೇಲೆ.

ನಮ್ಮ ರಾಜ್ಯಕ್ಕೇ ಬನ್ನಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಬೋರ್ಡ್ ಆಟಗಳ ಹುಚ್ಚಿನವರು. ಒಂದೇ ಕುದುರೆ 64 ಮನೆಗೂ ಹೋಗ್ಬೇಕು, ಯಾವ ಮನೆಗೂ ಎರಡನೇ ಸಲ ಕಾಲಿಡಬಾರ್ದು ಅನ್ನೋ ಲೆಕ್ಕವನ್ನ ಥರಥರದಲ್ಲಿ ಬಿಡಿಸಿದವರು. ಒಂದು ಕಾಯಿ, ಒಂದೇ ನಡಿಗೆ, ಅದನ್ನ ಪೂರ್ತಿ ಅರಿಯೋ ಹಟ. ನೂರು ಓಪನಿಂಗ್‌ನ ನಾಲ್ಕು ನಾಲ್ಕು ನಡೆ ಕಲಿಯೋದಕ್ಕಿಂತ ಒಂದನ್ನ ತಳ ಮುಟ್ಟೋ ತನಕ ಕಲಿಯೋದು ಮೇಲು ಅಂತ ನಾನು ಹೇಳೋದು ಹೊಸ ಮಾತೇನಲ್ಲ.

♟️ 7/10

ಲಂಡನ್‌ಗೆ ತೊಂದರೆಯೇ ಇಲ್ವಾ? ಇದೆ. ಮುಚ್ಚಿಡೋದು ಯಾಕೆ. ಈ ಮೂರು ಗೊತ್ತಿರ್ಲೇಬೇಕು.

⚠️ ಬಿ2 ನೋವು. ಒಂಟೆ ಎಫ್4ಗೆ ಹೋದ ಮೇಲೆ ಬಿ2 ಸೈನಿಕಕ್ಕೆ ಕಾವಲಿಲ್ಲ. ಗೊತ್ತಿರೋರು ಸಿ5 ಆಡಿ ಮಂತ್ರಿನ ಬಿ6ಕ್ಕೆ ತರ್ತಾರೆ. ನೀವು ಸಿ3 ಆಡಿದ್ರೆ ನಿಮ್ಮ ಮಂತ್ರಿನೂ ಬಿ3ಗೆ ಬಂದು ಎದುರೆದುರು ನಿಲ್ಲಲಿ. ಅವನು ಸಿ4 ಅಂತ ಸೈನಿಕ ತಳ್ಳಿದ್ರೆ ಮಂತ್ರಿ ಸಿ2ಗೆ. ಅಲ್ಲಿಗೂ ಒಂಟೆ ಎಫ್5ಗೆ ತಂದು ಕೆಣಕಿದ್ರೆ ಸಿ1ಗೆ. ನೋಡೋಕೆ ಹೆದರಿದ ಹಾಗಿದೆ, ಆದ್ರೆ ಏನೂ ಕೆಟ್ಟಿಲ್ಲ.

⚠️ ಕಿಂಗ್ಸ್ ಇಂಡಿಯನ್ ಥರ ಆಡೋರು. ಜಿ6, ಒಂಟೆ ಜಿ7, ಡಿ6. ಇಲ್ಲಿ ನಿಮ್ಮ ಎಫ್4 ಒಂಟೆ ಗೋಡೆಗೆ ಮುಖ ಮಾಡಿ ನಿಂತ ಹಾಗೆ. ಎರಡು ಬದಲಾವಣೆ ಮಾಡಿ. ಒಂದು, ಎಚ್3 ಆಡಿ ಒಂಟೆಗೆ ಎಚ್2ರಲ್ಲಿ ಅಡಗೋ ಜಾಗ ಮಾಡಿಡಿ. ಎರಡು, ಇನ್ನೊಂದು ಒಂಟೆನ ಡಿ3 ಬದಲು ಇ2ರಲ್ಲಿ ಇಡಿ. ಡಿ3ರಲ್ಲಿದ್ರೆ ಅವನು ಇ5 ತಳ್ಳಿ, ಆಮೇಲೆ ಇ4 ತಳ್ಳಿ ಕುದುರೆ, ಒಂಟೆ ಎರಡನ್ನೂ ಒಂದೇ ಸೈನಿಕದಿಂದ ಕುತ್ತಿಗೆ ಹಿಡಿಯೋ ಅಪಾಯ ಇದೆ.

⚠️ ಕಾಪಿ ಮಾಡೋರು. ನೀವು ಒಂಟೆ ಎಫ್4 ಅಂದ್ರೆ ಅವನೂ ಒಂಟೆ ಎಫ್5. ಈಗ ನೋವು ಅವನ ಕಡೆ, ಯಾಕಂದ್ರೆ ಬಿ7ಗೆ ಕಾವಲು ಹೋಯ್ತು. ಸಿ3 ಮರೆತುಬಿಡಿ, ಸಿ4 ಆಡಿ. ಆಮೇಲೆ ಮಂತ್ರಿ ಬಿ3ಗೆ ಬರೋ ದಾರಿ ಹುಡುಕಿ.

ನೋಡಿದ್ರಾ, ಈ ಮೂರರಲ್ಲೂ ನೀವು ಎದುರಿನವನ ನಡೆಗೆ ಉತ್ತರ ಕೊಡ್ತಿದೀರಿ. "ಲಂಡನ್ ಅಂದ್ರೆ ಕಣ್ಣು ಮುಚ್ಕೊಂಡು ಎಂಟು ನಡೆ ಇಡೋದು" ಅನ್ನೋರು ಲಂಡನ್ ಆಡ್ತಾ ಇಲ್ಲ, ಸುಮ್ನೆ ಕಾಯಿ ಜೋಡಿಸ್ತಾ ಇದಾರೆ.

♟️ 8/10

ಈಗ ರೀಲ್ಸ್ ವಿಷಯ. ಸ್ವಲ್ಪ ಖಾರ ಇರುತ್ತೆ 🌶️

"8 ನಡೆಯಲ್ಲಿ ಚೆಕ್‌ಮೇಟ್!", "ಈ ಟ್ರ್ಯಾಪ್‌ಗೆ ಯಾರೂ ತಪ್ಪಿಸ್ಕೊಳ್ಳಲ್ಲ!" ನಮ್ಮ ಜೂನಿಯರ್ಸ್ ಓಪನಿಂಗ್ ಕಲೀತಿರೋದೇ ಇದ್ರಿಂದ. ಅದರಲ್ಲಿ ಡಿ4 ಆಡೋರ ವಿರುದ್ಧ ತುಂಬಾ ಓಡ್ತಿರೋದು ಎಂಗ್ಲಂಡ್ ಗ್ಯಾಂಬಿಟ್. ಹೇಗೆ ನಡೆಯುತ್ತೆ ನೋಡಿ.

ನೀವು ಡಿ4. ಅವನು ಇ5! ಪುಕ್ಕಟೆ ಸೈನಿಕ. ಹೊಡೀತೀರಿ. ಅವನು ಕುದುರೆ ಸಿ6. ನೀವು ಕುದುರೆ ಎಫ್3, ಸೈನಿಕಕ್ಕೆ ಕಾವಲು. ಅವನು ಮಂತ್ರಿ ಇ7. ನೀವು ಒಂಟೆ ಎಫ್4. ಅವನು ಮಂತ್ರಿ ಬಿ4, ಚೆಕ್. ನೀವು ಒಂಟೆ ಡಿ2. ಅವನು ಮಂತ್ರಿಯಿಂದ ಬಿ2 ಹೊಡೀತಾನೆ, ಎ1ರ ಆನೆ ಮೇಲೆ ಕಣ್ಣು.

ಇಲ್ಲಿ ನಿಲ್ಲಿ. ಕೈ ತಾನಾಗೇ ಒಂಟೆ ಸಿ3ಗೆ ಹೋಗುತ್ತೆ: ಮಂತ್ರಿ ಮೇಲೆ ದಾಳಿ, ಆನೆಗೂ ರಕ್ಷಣೆ. ಅದೇ ಬಲೆ! ಅವನು ಒಂಟೆ ಬಿ4. ನೀವು ಮಂತ್ರಿ ಡಿ2 ಅಂತ ಕಾಪಾಡ್ಕೊಳ್ಳೋಕೆ ಹೋಗ್ತೀರಿ. ಅವನು ಒಂಟೆಯಿಂದ ಸಿ3 ಹೊಡೀತಾನೆ. ನೀವು ಮಂತ್ರಿಯಿಂದ ವಾಪಸ್ ಹೊಡೆದ್ರೆ ಅವನ ಮಂತ್ರಿ ಸಿ1ಕ್ಕೆ ಬಂದು ಚೆಕ್‌ಮೇಟ್.

ಸರಿಯಾದ ಉತ್ತರ ಒಂದೇ ನಡೆ: ಒಂಟೆ ಬದಲು ಕುದುರೆ ಸಿ3. ಮುಂದೆ ಆನೆ ಬಿ1ಗೆ ಬರುತ್ತೆ, ಅವನ ಮಂತ್ರಿಗೆ ಓಡಾಡೋದೇ ಕೆಲಸ, ನಿಮ್ಮ ಕಾಯಿಗಳೆಲ್ಲ ಹೊರಗೆ, ಅವನವು ಇನ್ನೂ ಮನೇಲಿ. ಈ ಒಂದು ನಡೆ ಗೊತ್ತಿದ್ರೆ ಇಡೀ ಟ್ರ್ಯಾಪ್ ನಿಮ್ಮ ಕಡೆಗೇ ಲಾಭ.

ಟ್ರ್ಯಾಪ್ ಕಲಿಯೋದು ಕೆಟ್ಟದ್ದು ಅಂತಲ್ಲ. ಅದ್ರಿಂದ ತಪ್ಪಿಸ್ಕೊಳ್ಳೋಕೆ ಕಲೀಲೇಬೇಕು. ಆದ್ರೆ ಟ್ರ್ಯಾಪ್ ಇಟ್ಟೇ ಗೆಲ್ತೀನಿ ಅಂತ ಕೂತೋನು ಎದುರಿನವನು ತಪ್ಪು ಮಾಡ್ಲಿ ಅಂತ ಕಾಯ್ತಾ ಇರ್ತಾನೆ. ಅವನು ತಪ್ಪು ಮಾಡ್ಲಿಲ್ಲ ಅಂದ್ರೆ? ಒಂಬತ್ತನೇ ನಡೆಗೆ ಇವನ ಹತ್ರ ಏನೂ ಇರಲ್ಲ.

ದುಡ್ಡು ಕೊಟ್ಟು ತಗೊಳ್ಳೋ "ಓಪನಿಂಗ್ ಕೋರ್ಸ್" ಬಗ್ಗೆನೂ ಇದೇ ಮಾತು. ನಮ್ಮ ಜೂನಿಯರ್ ಹುಡುಗಿಯೊಬ್ಬಳು ಅಮ್ಮನ ಹತ್ರ ಕೇಳಿ ಒಂದು ಕೋರ್ಸ್ ತಗೋಬೇಕು ಅಂತಿದ್ಲು. ಅವಳಮ್ಮ ತೋಟಕ್ಕೆ ಹೋಗ್ತಾರೆ. ಆ ದುಡ್ಡು ಎಷ್ಟು ದಿನದ ಕೂಲಿ ಅಂತ ಅವಳಿಗೇ ಚೆನ್ನಾಗಿ ಗೊತ್ತು. ಬೇಡ ಮಾರಾಯ್ತಿ ಅಂದೆ. ಈಗ ಅವಳ ನೋಟ್‌ಬುಕ್ಕಲ್ಲಿ ಲಂಡನ್ ಎರಡೂವರೆ ಪುಟ ಇದೆ. ಅಷ್ಟೇ ಇರೋದು.

♟️ 9/10

ಎದುರು ವಾದಕ್ಕೆ ನ್ಯಾಯವಾಗಿ ಜಾಗ ಕೊಡ್ಬೇಕು.

ಎಷ್ಟೋ ಕೋಚ್‌ಗಳು ಹೇಳೋದು ಇದು: "ಹೊಸಬರು ಇ4 ಆಡ್ಲಿ, ಇಟಾಲಿಯನ್ ಆಡ್ಲಿ. ಆಟ ಬೇಗ ತೆರ್ಕೊಳ್ಳುತ್ತೆ, ಹೊಡೆದಾಟ ಆಗುತ್ತೆ, ಟ್ಯಾಕ್ಟಿಕ್ಸ್ ಕಲೀತಾರೆ. ಮೊದಲ ದಿನದಿಂದ ಲಂಡನ್ ಆಡಿದ್ರೆ ಒಂದೇ ಥರದ ಆಟ ನೋಡಿ ನೋಡಿ ಸೋಮಾರಿ ಆಗ್ತಾರೆ."

ಇದು ಗಟ್ಟಿ ವಾದ. ಕೋಚ್ ಇರೋ ಮಗುಗೆ ನಾನೂ ಇದನ್ನೇ ಹೇಳ್ತೀನಿ. ಸೋತಾಗ ಪಕ್ಕದಲ್ಲಿ ಕೂತು "ನೋಡು ಪುಟ್ಟಾ, ಇಲ್ಲಿ ತಪ್ಪಾಯ್ತು" ಅನ್ನೋರು ಇದ್ರೆ ಯಾವ ಓಪನಿಂಗ್ ಆದ್ರೂ ಪಾಠವೇ.

ನಾನು ಮಾತಾಡ್ತಿರೋದು ಆ ಪಕ್ಕದ ಕುರ್ಚಿ ಖಾಲಿ ಇರೋರ ಬಗ್ಗೆ. ವರ್ಷಕ್ಕೆ ಎರಡು-ಮೂರು ಟೂರ್ನಮೆಂಟ್ ಸಿಕ್ರೆ ಹೆಚ್ಚು. ಒಂದು ಟೂರ್ನಮೆಂಟಲ್ಲಿ ಬಿಳಿ ಕಾಯಿ ಸಿಗೋದು ಮೂರೋ ನಾಲ್ಕೋ ಆಟಕ್ಕೆ. ಅದರಲ್ಲಿ ಎರಡು ಆಟ ಓಪನಿಂಗಲ್ಲೇ ಸತ್ರೆ ಆ ವರ್ಷದ ಕಲಿಕೆಯೇ ಸತ್ತ ಹಾಗೆ. ಅವರಿಗೆ ಇಪ್ಪತ್ತನೇ ನಡೆ ನೋಡೋ ಅವಕಾಶ ಬೇಕು. ಮೂವತ್ತನೇ ನಡೆಯಲ್ಲಿ ಆನೆ-ಸೈನಿಕದ ಎಂಡ್‌ಗೇಮ್ ಸೋತ್ರೂ ಪರ್ವಾಗಿಲ್ಲ, ಅದ್ರಲ್ಲಿ ಕಲಿಯೋದು ಇರುತ್ತೆ.

ಸೋಮಾರಿ ಆಗೋ ಅಪಾಯಕ್ಕೆ ನನ್ನ ಹತ್ರ ಮದ್ದು ಇದೆ. ಟೂರ್ನಮೆಂಟಿಗೆ ಲಂಡನ್, ಫ್ರೆಂಡ್ಸ್ ಜೊತೆ ಇ4. ದಿನಾ ಹತ್ತು ಪಜಲ್. ಒಂದು ವರ್ಷ ಆದ್ಮೇಲೆ, ಮೂರನೇ-ನಾಲ್ಕನೇ ನಡೆಗೆ ಸಿ3 ಬದಲು ಸಿ4 ಆಡಿ ಕ್ವೀನ್ಸ್ ಗ್ಯಾಂಬಿಟ್ ಕಡೆ ಕಾಲಿಡಿ. ಡಿ4 ಆಡಿ ಅಭ್ಯಾಸ ಆಗಿರೋದ್ರಿಂದ ಆ ದಾರಿ ಅರ್ಧ ಪರಿಚಯ ಇರುತ್ತೆ. ಲಂಡನ್‌ನಲ್ಲೇ ಮುದುಕರಾಗಿ ಅಂತ ನಾನು ಹೇಳ್ತಿಲ್ಲ. ಮನೆ ಕಟ್ಟೋಕೆ ತಳಪಾಯ ಬೇಕು ಅಂತ ಹೇಳ್ತಿದೀನಿ.

ಇನ್ನೊಂದು ಲೆಕ್ಕ ನೋಡಿ. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್, 1988ರಲ್ಲಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜಕುಮಾರ್, 2017ರಲ್ಲಿ. ಅವರು ದೇಶದ 50ನೆಯವರು. ಅಂದ್ರೆ ನಮ್ಮ ರಾಜ್ಯಕ್ಕೆ ಒಬ್ರು ಸಿಗೋ ಹೊತ್ತಿಗೆ ಬೇರೆ ಕಡೆ 49 ಜನ ಆಗಿದ್ರು. ಆಮೇಲೆ ಮೈಸೂರಿಂದಲೇ ಗಿರೀಶ್ ಕೌಶಿಕ್, ಶಿವಮೊಗ್ಗದಿಂದ ಸ್ಟ್ಯಾನಿ, ಬೆಂಗಳೂರಿಂದ ಪ್ರಣವ್ ಆನಂದ್ ಬಂದ್ರು. ಬುದ್ಧಿ ಇಲ್ಲಿ 2017ರಲ್ಲಿ ಹುಟ್ಟಿದ್ದಲ್ಲ, ಮುಂಚೆನೂ ಇತ್ತು. ಮಧ್ಯದಲ್ಲೇ ಆಟ ಬಿಟ್ಟವರ ಲೆಕ್ಕ ಯಾರೂ ಇಟ್ಟಿಲ್ಲ, ಅಷ್ಟೇ.

♟️ 10/10

ಕೊನೇ ಪೋಸ್ಟ್. ಏನು ಮಾಡ್ಬೇಕು ಅಂತ ಕೇಳೋರಿಗೆ ನಾಲ್ಕು ವಾರದ ಪ್ಲಾನ್. ಒಂದು ಪೈಸೆ ಖರ್ಚಿಲ್ಲ. ಲಿಚೆಸ್ ಅನ್ನೋ ಆ್ಯಪ್ ಪೂರ್ತಿ ಉಚಿತ, ಜಾಹೀರಾತು ಕೂಡ ಇಲ್ಲ.

📒 ಮೊದಲನೇ ವಾರ: ಫೋನ್ ಬೇಡ. ಬೋರ್ಡಲ್ಲಿ ಎಂಟು ನಡೆ ಜೋಡಿಸಿ. ಪ್ರತಿ ಕಾಯಿ ಅಲ್ಲಿ ಯಾಕೆ ಅಂತ ಬಾಯಲ್ಲಿ ಹೇಳಿ, ತಮ್ಮನಿಗೋ ತಂಗಿಗೋ. ಅವರಿಗೆ ಅರ್ಥ ಆಯ್ತು ಅಂದ್ರೆ ನಿಮಗೂ ಆಗಿದೆ.

📒 ಎರಡನೇ ವಾರ: 7ನೇ ಪೋಸ್ಟಿನ ಮೂರು ತೊಂದರೆ, 8ನೇ ಪೋಸ್ಟಿನ ಟ್ರ್ಯಾಪ್. ಬೋರ್ಡಲ್ಲಿ ಆಡಿ ನೋಡಿ. ಕಪ್ಪು ಕಡೆ ಕೂತೂ ಆಡಿ.

📒 ಮೂರನೇ ವಾರ: ದಿನಕ್ಕೆ ಒಂದೇ ಆಟ, ಹದಿನೈದು ನಿಮಿಷದ್ದು. ಒಂದು ನಿಮಿಷದ ಬುಲೆಟ್ ಬೇಡವೇ ಬೇಡ. ಅದ್ರಲ್ಲಿ ಬೆರಳು ಕಲಿಯುತ್ತೆ, ತಲೆ ಕಲಿಯಲ್ಲ.

📒 ನಾಲ್ಕನೇ ವಾರ: ಆಡಿದ ಆಟ ಬರೆದಿಡಿ. ಓಪನಿಂಗ್ ಮುಗಿದ ಮೇಲೆ ಮೊದಲ ತಪ್ಪು ಎಲ್ಲಾಯ್ತು ಅಂತ ಮೊದ್ಲು ನೀವೇ ಹುಡುಕಿ, ಆಮೇಲೆ ಕಂಪ್ಯೂಟರ್ ಕೇಳಿ. ಆ ತಪ್ಪು ಹದಿನೆಂಟನೇ ನಡೆಲಿ ಸಿಕ್ರೆ ಖುಷಿಪಡಿ. ನೀವು ನಿಜವಾದ ಚೆಸ್ ತನಕ ಬಂದಿದೀರಿ ಅಂತ ಅರ್ಥ.

ಕಾಲೇಜಿನ ನಮ್ಮ ಬ್ಯಾಚಿನವರಿಗೆ ಒಂದು ಕೆಲಸ ಇದೆ. ನಮ್ಮಲ್ಲಿ ಚೆಸ್ ಚೆನ್ನಾಗಿ ಬರೋರು ಆರೇಳು ಜನ ಇದೀವಿ. ಒಬ್ಬೊಬ್ರು ಒಂದೊಂದು ಜೂನಿಯರ್‌ನ ಹಿಡೀರಿ, ನಿಮ್ಮ ಬಸ್ಸಲ್ಲೇ ಬರೋರಾದ್ರೆ ಇನ್ನೂ ಒಳ್ಳೇದು. ಗ್ರ್ಯಾಂಡ್‌ಮಾಸ್ಟರ್ ಮಾಡ್ಬೇಕಾಗಿಲ್ಲ. ಎಂಟು ನಡೆ, ಮೂರು ತೊಂದರೆ, ಒಂದು ಟ್ರ್ಯಾಪ್ ಹೇಳ್ಕೊಡಿ. ಮುಂದಿನ ಟೂರ್ನಮೆಂಟಿಗೆ ಹೋದಾಗ ಎದುರಿನವನು ಟಕಟಕ ಅಂತ ಇಟ್ರೆ ನಮ್ಮವರೂ ಟಕಟಕ ಅಂತ ಇಡ್ಲಿ. ಒಂಬತ್ತನೇ ನಡೆಗೆ ಇಬ್ರೂ ಯೋಚನೆ ಮಾಡೋಕೆ ಶುರು ಮಾಡ್ತಾರೆ. ಅಲ್ಲಿಂದ ಮುಂದೆ ಇಬ್ರೂ ಒಂದೇ.

ಲಂಡನ್ ಇಷ್ಟ ಇಲ್ಲದವರು ಶನಿವಾರ ಬೋರ್ಡ್ ತಗೊಂಡು ಕೊಟ್ಟಿಗೆಹಾರಕ್ಕೆ ಬನ್ನಿ. ಬಿಳಿ ಕಾಯಿ ನನಗೆ, ಸೋತವರು ನೀರುದೋಸೆ ಕೊಡಿಸ್ಬೇಕು 😎

#ಚೆಸ್ #ಚದುರಂಗ #ಲಂಡನ್‌ಸಿಸ್ಟಮ್ #ಕೊಟ್ಟಿಗೆಹಾರ #ಮೂಡಿಗೆರೆ #ಕಳಸ #ಮಲೆನಾಡು #ಬಿಕಾಂಬದುಕು